ಅಂಚಿನ ತುಣುಕಿನ ಬಣ್ಣ

ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಅವನನ್ನು ಎಲ್ಲರೂ ಗಾಜಣ್ಣ ಎಂದೇ ಕರೆಯುತ್ತಿದ್ದರು. ರೋಗಿಗಳ ಒಡಲಿನ ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ, ಗಾಜಿನ ಪಟ್ಟಿಯ ಮೇಲೆ ಕೂರಿಸಿ ಬಣ್ಣ ಹಾಕುವುದು ಅವನ ಕಾಯಕ. ಅದನ್ನು ಓದಿ ಹೇಳುವುದು ಡಾಕ್ಟರ ಕೆಲಸ. ಆ ಗೆರೆಯನ್ನು ಅವನೆಂದೂ ದಾಟಿದವನಲ್ಲ.

ದಾಟಿದ್ದು ಒಂದೇ ಸಲ, ತಂಗಿಗಾಗಿ.

ತಂಗಿ ಬಟ್ಟೆ ಹೊಲಿಯುವವಳು. ಬಿಡದ ಹೊಟ್ಟೆನೋವಿಗೆ ಡಾಕ್ಟರು ಅವಳ ಜಠರದಿಂದ ಚೂರು ತೆಗೆದಿದ್ದರು. ಭಗವಂತನು ನಮ್ಮ ಒಂದೊಂದು ಜೀವಕೋಶದೊಳಗೂ ಕಾವಲು ಜೀನ್‌ಗಳನ್ನು ಇರಿಸಿದ್ದಾನೆ. ಅವುಗಳಲ್ಲೊಂದು, ನೆರೆಯ ಕೋಶಗಳನ್ನು ಬಿಗಿಹಿಡಿಯುವ ಅಂಟನ್ನು ಮಾಡಿಸುತ್ತದೆ. ಆ ಜೀನ್ ಕೆಟ್ಟಿತೆಂದರೆ ಅಂಟಿಲ್ಲ. ಕೋಶಗಳು ಒಂದರ ಕೈ ಒಂದು ಬಿಟ್ಟು, ಕಂಡಕಂಡಲ್ಲಿ ನುಗ್ಗಿ, ಕ್ಯಾನ್ಸರಾಗಿ ಹರಡುತ್ತವೆ. ಗಾಜಣ್ಣ ಹಾಕುವ ಕಂದು ಬಣ್ಣ ಆ ಅಂಟು ಇದ್ದಲ್ಲಿ ಮಾತ್ರ ಏರುತ್ತದೆ. ಬಣ್ಣವೇ ಕೈಕೊಟ್ಟಿಲ್ಲವೆಂದು ತಿಳಿಯಲು ಪ್ರತಿ ಗಾಜಿನ ಅಂಚಿನಲ್ಲಿ ಆರೋಗ್ಯವಂತ ಜಠರದ ತುಣುಕೊಂದನ್ನೂ ಕೂರಿಸುವುದು ವಾಡಿಕೆ.

ಅಂದು ದೇವರನ್ನು ನೆನೆಯುತ್ತ ತಂಗಿಯ ಗಾಜನ್ನಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಕಂದು ಬಲೆ ಕಣ್ತುಂಬ ಕಂಡಿತು. ಗಾಜನ್ನು ಸರಿಸಿ ನೋಡುವಷ್ಟು ತಾಳ್ಮೆ ಎಲ್ಲಿ? ನೇರ ತಂಗಿಯ ಮನೆಗೆ ಓಡಿದ.

"ಬಣ್ಣ ಚೆನ್ನಾಗಿ ಬಂದಿದೆ ಕಣೇ. ಅಂಟು ಗಟ್ಟಿಯಾಗಿದೆ."

"ಮತ್ತೆ? ನನ್ನ ಹೊಲಿಗೆ ಹೊರಗೂ ಬಿಚ್ಚಲ್ಲ, ಒಳಗೂ ಬಿಚ್ಚಲ್ಲ," ಎಂದು ತಂಗಿ ನಕ್ಕಳು.

ಅವನು ಕಂಡದ್ದು ತಾನೇ ಅಂಚಿನಲ್ಲಿ ಕೂರಿಸಿದ್ದ ಆರೋಗ್ಯವಂತ ತುಣುಕನ್ನು. ಮರುದಿನ ಡಾಕ್ಟರು ಗಾಜನ್ನು ಸರಿಸಿ ತೋರಿಸಿದರು. ತಂಗಿಯ ಚೂರಿಗೆ ಕಂದು ಹತ್ತಿರಲೇ ಇಲ್ಲ. ಕೋಶಗಳು ಚೆದುರಿ ಒಂಟೊಂಟಿಯಾಗಿ ನಿಂತಿದ್ದವು. "ಬೇಗ ಜಠರ ತೆಗೆಸಿದ್ರೆ ಉಳೀಬಹುದು, ಗಾಜಣ್ಣ," ಎಂದರು.

ಹೋಗಿ ತಪ್ಪೊಪ್ಪಿಕೊಂಡ. ತಂಗಿ ಕತ್ತರಿಯನ್ನು ಕೆಳಗಿಡಲಿಲ್ಲ.

"ನಿನ್ನೆ ಕಣ್ಣಾರೆ ನೋಡಿ ಬಂದೆ. ಇವತ್ತು ಡಾಕ್ಟರಿಗೆ ಹೆದರಿ ಮಾತು ತಿರುಗಿಸ್ತೀಯಾ? ಹೊಟ್ಟೇನೇ ತೆಗೀತಾರಂತೆ. ನಾನೇನು ಹಳೇ ಅಂಗೀನಾ, ಜೇಬು ಕಿತ್ತು ಬಿಸಾಕೋಕೆ?"

ಅವನು ಕೈಮುಗಿದ, ಕಾಲು ಹಿಡಿದ, ಪ್ರಾರ್ಥಿಸಿದ. ಅವನ ಮೊದಲ ಮಾತು ಅವಳಲ್ಲಿ ಬೇರೂರಿಬಿಟ್ಟಿತ್ತು. ಕಡೆಗೆ ನೋವೇ ಅವಳನ್ನು ಒಪ್ಪಿಸಿ ಆಸ್ಪತ್ರೆಗೆ ಕರೆತಂದಾಗ, ಕೈಬಿಟ್ಟ ಕೋಶಗಳು ಹೊಟ್ಟೆಯ ಪೊರೆಯನ್ನೆಲ್ಲ ಹೊಕ್ಕಿದ್ದವು. ಇನ್ನು ಕೊಯ್ದು ಫಲವಿಲ್ಲವೆಂದರು ಡಾಕ್ಟರು.

ಎಲುಬಿನ ಗೂಡಾಗಿ ಮಲಗಿದ್ದ ತಂಗಿ ಒಂದು ಮಧ್ಯಾಹ್ನ ಅವನ ಬೆರಳು ಹಿಡಿದಳು.

"ಅಣ್ಣ, ಅವತ್ತು ಹೇಳಿದ್ದನ್ನ ಇನ್ನೊಂದ್ಸಲ ಹೇಳೋ."

ಪ್ರಿಯರೇ, ಸುಳ್ಳಾಡುವ ನಾಲಗೆ ದೇವರೆದುರು ಲೆಕ್ಕ ಒಪ್ಪಿಸಬೇಕೆಂದು ಅವನೂ ಬಲ್ಲ.

"ಬಣ್ಣ ಚೆನ್ನಾಗಿ ಬಂದಿತ್ತು ಕಣೇ."

"ನೋಡ್ದ್ಯಾ," ಎಂದಳು ಅವಳು, ಬೆರಳನ್ನು ಬಿಡದೆ. "ಡಾಕ್ಟರಿಗೇನು ಗೊತ್ತು?"