ಏರಿದ ಆಯಿಲು, ರಾಮಲಿಂಗಯ್ಯನ ಬೆನ್ನು

ಹಿಂದೂಪುರದಲ್ಲಿ ಡೀಸೆಲ್ ಮೇಸ್ತ್ರಿ ರಾಮಲಿಂಗಯ್ಯ ಎಂದರೆ ಗೊತ್ತಿಲ್ಲದವರಿರಲಿಲ್ಲ. ನೇಯುವವರ ಮನೆಯಲ್ಲಿ ಹುಟ್ಟಿ, ಹತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲಾಡಿಸಿ, ಬೇಸತ್ತು ಎಂಜಿನ್ ಕೆಲಸಕ್ಕೆ ಬಂದವನು. ಮಗ್ಗ ಬಿಟ್ಟರೂ ನೂಲು ಬಿಡಲಿಲ್ಲ. ಜೇಬಿನಲ್ಲಿ ಸದಾ ಹತ್ತಿ ನೂಲಿನ ಒಂದು ಉಂಡೆ ಇರುತ್ತಿತ್ತು. ಎಂಜಿನ್ ಆಯಿಲ್‌ನ ಮೇಲೆ ಅನುಮಾನ ಬಂದರೆ ಎರಡು ಎಳೆ ಇಳಿಬಿಡುತ್ತಿದ್ದ, ಒಂದು ಹೊಸ ಆಯಿಲಿಗೆ, ಇನ್ನೊಂದು ಎಂಜಿನ್ನಿನದಕ್ಕೆ. ಡೀಸೆಲ್ ಬೆರೆತು ತೆಳ್ಳಗಾದ ಆಯಿಲು ನೂಲು ಹಿಡಿದು ಸರಸರ ಮೇಲೇರುತ್ತದೆ. ಅವನು ಕೆಲಸ ಮಾಡುತ್ತಿದ್ದ ರಿಪೇರಿ ಶೆಡ್ಡಿನಲ್ಲೇ ಕಬ್ಬಿಣ ಕಡೆಯುವ ಲೇತ್ ನಡೆಸುವವನು ನಾನು, ಶ್ರೀರಾಮುಲು. ಅವನ ವಿಷಯ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಬೇರೆ ಯಾರಿಗೂ ಇದು ಪೂರ್ತಿ ಗೊತ್ತಿಲ್ಲ.

ಎಂಬತ್ತನಾಲ್ಕನೇ ಇಸವಿ. ಕಲ್ಯಾಣದುರ್ಗದ ಬಸ್ಸಿನ ಕಂಡಕ್ಟರ್ ಬೆಳಿಗ್ಗೆ ಒಂದು ಸುದ್ದಿ ತಂದ. ಬ್ರಹ್ಮಸಮುದ್ರದ ಹತ್ತಿರದ ಸಾಹುಕಾರ ಅಮರೇಶಪ್ಪನ ಟ್ರ್ಯಾಕ್ಟರಿನಲ್ಲಿ ಎಂಜಿನ್ ಆಯಿಲಿನ ಮಟ್ಟ ದಿನದಿನಕ್ಕೂ ಏರುತ್ತಿದೆಯಂತೆ, ಮೇಸ್ತ್ರಿ ಕೂಡಲೇ ಬರಬೇಕಂತೆ. ಮೂರು ತಿಂಗಳ ಹಿಂದೆ ನಾವಿಬ್ಬರೇ ಹೋಗಿ ರಿಪೇರಿ ಮಾಡಿ ಬಂದಿದ್ದ ಟ್ರ್ಯಾಕ್ಟರ್ ಅದು. ರಾಮಲಿಂಗಯ್ಯ ಚೀಲ ತುಂಬಿಕೊಂಡ. ನಾನೂ ಹೊರಟೆ.

ಸಾಹುಕಾರನ ಅಂಗಳಕ್ಕೆ ಕಾಲಿಟ್ಟೆವು. ಟ್ರ್ಯಾಕ್ಟರ್ ಡ್ರೈವರ್ ಮುತ್ಯಾಲಪ್ಪನನ್ನು ಬೇವಿನ ಮರಕ್ಕೆ ಕಟ್ಟಿದ್ದರು. ಅಂಗಿ ರಕ್ತಕ್ಕೆ ಬೆನ್ನಿಗಂಟಿಕೊಂಡಿತ್ತು. ಅಮರೇಶಪ್ಪನ ಕೈಯಲ್ಲಿ ಫ್ಯಾನ್ ಬೆಲ್ಟ್. ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ದೊಡ್ಡ ಸುತ್ತಿಗೆ.

“ಬಾ ಮೇಸ್ತ್ರಿ. ಎಂಜಿನ್ನು ಆಯಿಲ್ ಕುಡೀತದೆ ಅಂದ್ರೆ ನಂಬ್ತೀನಿ. ದಿನಾ ಒಂದೊಂದು ಬೆರಳು ಏರ್ತದೆ ಅಂದ್ರೆ? ನಮ್ ದಾಯಾದಿಗಳ ಮಾತು ಕೇಳಿ ಈ ನನ್ಮಗ ಏನೋ ಹುಯ್ತಾವ್ನೆ. ಏನು ಹುಯ್ದ ಅಂತ ನೀನು ಹೇಳು ಸಾಕು. ಆಮ್ಯಾಕೆ ಸ್ಟೀರಿಂಗ್ ಹಿಡಿಯೋ ಕೈನ ಈ ಕಲ್ಲಿನ ಮ್ಯಾಲಿಕ್ಕಿ ಜಜ್ತೀನಿ.”

ಕೋಪ ನೆತ್ತಿಗೇರಿದರೆ ಆ ಮನುಷ್ಯನಿಗೆ ತೆಲುಗು ಬರುತ್ತಿತ್ತು. “ಚೆಪ್ಪರಾ! ಏಮಿ ಪೋಸ್ತಿವಿ?” ಏನು ಹುಯ್ದೆ ಹೇಳೋ ಎಂದು ಬೆಲ್ಟ್ ಬೀಸಿದ.

“ನಾನೇನೂ ಹುಯ್ದಿಲ್ಲ ಸಾವ್ಕಾರ್ರೇ, ನನ್ ಮಗೀನಾಣೆ!” ಮುತ್ಯಾಲಪ್ಪ ಕಿರುಚಿದ.

“ಹೊಡೆಯೋದು ನಿಲ್ಸಿ ಸಾವ್ಕಾರ್ರೇ. ಮೊದ್ಲು ನಾನು ನೋಡ್ತೀನಿ,” ಎಂದ ರಾಮಲಿಂಗಯ್ಯ.

ಆಯಿಲ್ ಅಳೆಯುವ ಕಡ್ಡಿ ಎತ್ತಿ ನೋಡಿದ. ಆಯಿಲ್ ಗುರುತಿಗಿಂತ ಮೂರು ಬೆರಳು ಮೇಲಿತ್ತು. ಎರಡು ಬಟ್ಟಲಿಗೆ ಎರಡು ನೂಲು ಇಳಿಬಿಟ್ಟ. ಹೊಸ ಆಯಿಲಿನ ನೂಲು ತುದಿಯಲ್ಲಷ್ಟೇ ನೆನೆದಿತ್ತು, ಎಂಜಿನ್ನಿನದು ಆಗಲೇ ಗೇಣುದ್ದ ಕಪ್ಪಾಗಿತ್ತು. ಬಾಯಿ ತಡೆಯದೆ ಅಂದುಬಿಟ್ಟ:

“ಡೀಸೆಲ್ ಬೆರೆತದೆ.”

“ನೋಡ್ರಲಾ! ಡೀಸೆಲ್ ಹುಯ್ದವ್ನೆ ಬೋಳಿಮಗ!” ಅಮರೇಶಪ್ಪ ಅಬ್ಬರಿಸಿದ. ಇಬ್ಬರು ಆಳುಗಳು ಮುತ್ಯಾಲಪ್ಪನ ಹಗ್ಗ ಬಿಚ್ಚಿ, ದರದರ ಎಳೆದು ತಂದು, ಬಲಗೈಯನ್ನು ಕಲ್ಲಿಗೆ ಒತ್ತಿ ಹಿಡಿದರು. ಸುತ್ತಿಗೆ ಮೇಲೆದ್ದಿತು.

“ತಡೀರಿ! ಹುಯ್ದಿದ್ದೋ ಸೋರಿದ್ದೋ ಇನ್ನೂ ನೋಡಿಲ್ಲ!” ರಾಮಲಿಂಗಯ್ಯ ಕೂಗಿಕೊಂಡು ಎಂಜಿನ್ನಿನ ಪಕ್ಕಕ್ಕೆ ಬಿದ್ದ. ಡೀಸೆಲ್ ಎಳೆದು ಕೊಡುವ ಚಿಕ್ಕ ಪಂಪನ್ನು ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದ. ಒಳಗಿನ ರಬ್ಬರು ಊದಿ ಹರಿದಿತ್ತು. ಅದರ ಸೀಳಿನಿಂದ ಡೀಸೆಲ್ ಕೆಳಗೆ ಆಯಿಲಿಗೆ ಇಳಿಯುತ್ತಿತ್ತು. ಯಾರೂ ಏನೂ ಹುಯ್ದಿರಲಿಲ್ಲ.

ಅದು ಲಾರಿ ಟ್ಯೂಬಿನ ರಬ್ಬರು. ಅಂಚಿನಲ್ಲಿ ನನ್ನ ಉಳಿಯ ಗುರುತು ಕಾಣುತ್ತಿತ್ತು. ಮೂರು ತಿಂಗಳ ಹಿಂದೆ, ಬಿತ್ತನೆಯ ಅವಸರದಲ್ಲಿ ಕಲ್ಯಾಣದುರ್ಗದಲ್ಲೆಲ್ಲ ಹುಡುಕಿದರೂ ಸರಿಯಾದ ರಬ್ಬರು ಸಿಕ್ಕಿರಲಿಲ್ಲ. ಟ್ಯೂಬು ಡೀಸೆಲ್‌ನಲ್ಲಿ ಊದಿಕೊಳ್ಳುತ್ತದೆ, ಬೇಡ ಎಂದು ರಾಮಲಿಂಗಯ್ಯ ಅಂದಿದ್ದ. “ಸಾಕು ಬಿಡಪ್ಪ, ಮಾ ಪುಕ್ಕಲ ನೀನು,” ಎಂದು ನಕ್ಕು ಕತ್ತರಿಸಿ ಕೊಟ್ಟವನು ನಾನು.

“ಇದನ್ನ ಹಾಕ್ದೋನ್ಯಾರು?” ಅಮರೇಶಪ್ಪ ಕೇಳಿದ. ದನಿ ತಣ್ಣಗಿತ್ತು.

“ನಾನು.”

“ನೀನೊಬ್ಬನೇನಾ?”

ರಾಮಲಿಂಗಯ್ಯ ನನ್ನ ಕಡೆ ಕತ್ತು ತಿರುಗಿಸಲೇ ಇಲ್ಲ. “ನಾನೊಬ್ಬನೇ.”

ನನ್ನ ಬಾಯಿ ಒಣಗಿತ್ತು. ಒಣಗಿತ್ತು ಎನ್ನುವುದೂ ನೆಪವೇ. ಹೆದರಿದ್ದೆ, ಸುಮ್ಮನಿದ್ದೆ.

ಸಾಹುಕಾರ ಮುತ್ಯಾಲಪ್ಪನನ್ನು ಎಬ್ಬಿಸಿ ನಿಲ್ಲಿಸಿ ಬೆಲ್ಟನ್ನು ಅವನ ಕೈಗೇ ಕೊಟ್ಟ. “ನಿನ್ ಬೆನ್ನು ಸುಲಿಸಿದೋನು ಇವ್ನು. ಹೊಡಿಯಲಾ. ಇಲ್ಲಾಂದ್ರೆ ನಿನ್ ಕೈಯೇ ಕಲ್ಲಿಗೆ ಬತ್ತದೆ.”

ಮೊದಲ ಏಟು ಮೆಲ್ಲಗೆ ಬಿತ್ತು. ಎರಡನೆಯದಕ್ಕೆ ಅಂಗಿ ಹರಿಯಿತು. ಮೂರನೆಯದರಿಂದ ಯಾರೂ ಹೇಳಬೇಕಾಗಲಿಲ್ಲ. ಬೆಳಗಿನಿಂದ ತಾನು ತಿಂದ ಏಟನ್ನೆಲ್ಲ ಮುತ್ಯಾಲಪ್ಪ ಅಳುತ್ತಾ ಅಳುತ್ತಾ ಹೊಡೆದ. ರಾಮಲಿಂಗಯ್ಯ ಮಡ್‌ಗಾರ್ಡ್ ತಬ್ಬಿ ನಿಂತಿದ್ದ. ಒಂದು ಏಟು ಕಿವಿಗೆ ಬಿದ್ದು ರಕ್ತ ಕತ್ತಿಗಿಳಿಯಿತು, ಆ ಕಿವಿಗೆ ಮತ್ತೆ ಕೇಳಿಸಲಿಲ್ಲ. ಕೊನೆಗೆ ಮೊಣಕಾಲೂರಿ ಕುಸಿದ. ನಾನು ಸ್ಪ್ಯಾನರ್ ಹಿಡಿದುಕೊಂಡು ನಿಂತಿದ್ದೆ.

ಸ್ವಲ್ಪ ಹೊತ್ತಿಗೆ ಅವನೇ ಎದ್ದು, ಚೀಲದಿಂದ ಹೊಸ ಕಂಪನಿ ರಬ್ಬರು ತೆಗೆದ. ಹೊರಡುವಾಗಲೇ ಅನುಮಾನ ಬಂದು ತಂದುಕೊಂಡಿದ್ದ. ಅದನ್ನು ಕೂರಿಸಿ, ಆಯಿಲ್ ಬದಲಿಸಿ, ಕೈ ಒರೆಸಿಕೊಂಡ. “ಇಲ್ಲಿರಬ್ಯಾಡ ಕಣಪ್ಪ. ನಮ್ ಶೆಡ್ಗೆ ಬಂದ್ಬುಡು,” ಎಂದು ಮುತ್ಯಾಲಪ್ಪನಿಗೆ ಹೇಳಿದ. ಬಸ್ಸಿನಲ್ಲಿ ಒರಗಿ ಕೂರಲಾಗದೆ ಹಿಂದೂಪುರದವರೆಗೂ ನಿಂತೇ ಬಂದ. ಟ್ಯೂಬಿನ ಮಾತು ಅಂದೂ ಎತ್ತಲಿಲ್ಲ, ಆಮೇಲೆ ಬದುಕಿದ್ದ ಆರು ವರ್ಷವೂ ಎತ್ತಲಿಲ್ಲ.

ಮುತ್ಯಾಲಪ್ಪ ಈಗ ನನ್ನ ಪಕ್ಕದಲ್ಲೇ ಎಂಜಿನ್ ಬಿಚ್ಚುತ್ತಾನೆ. ಆಗಾಗ ಕೈ ನಿಲ್ಲಿಸಿ ಕಣ್ಣೀರು ಹಾಕುತ್ತಾನೆ.

“ತಾನೊಬ್ಬನೇ ಮಾಡಿದ್ದು ಅಂತ ಒಪ್ಕೊಂಡು ಬೆನ್ನು ಕೊಟ್ಟೋನ್ನ ಹೊಡೆದ್ಬುಟ್ನಲ್ಲಣ್ಣ ನಾನು. ನೀನಾದ್ರೂ ಅಡ್ಡ ಬರಬೇಕಿತ್ತು.”

“ಹೌದು ಕಣಪ್ಪ, ಬರಬೇಕಿತ್ತು,” ಎಂದು ಲೇತ್ ಆನ್ ಮಾಡುತ್ತೇನೆ.