ಅಕ್ಕನ ಬೈಗುಳ ನಿಂತದ್ದು

ಒಂದೇ ಒಂದು ಹೆಸರು ಹೇಳಬೇಕಾಗಿತ್ತು. ಅದೂ ಒಡಹುಟ್ಟಿದ ಅಕ್ಕನ ಹೆಸರು. ನಾನು ಹೇಳಲಿಲ್ಲ.

ಮೊನ್ನೆ ಬದನಗುಪ್ಪೆಯ ಕಾರ್ಖಾನೆಯಿಂದ ಬಂದ ಮೊಮ್ಮಗಳು, "ಅಜ್ಜಿ, ಇವತ್ತು ನಮ್ಮ ಮನಸ್ಸು ಓದೋಕೆ ಯಾರೋ ಬಂದಿದ್ರು" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ನಮ್ಮ ಮನಸ್ಸು ಓದುವವರು ಐವತ್ತರ ದಶಕದಲ್ಲೇ ಬಂದು ಹೋಗಿದ್ದರು ಎಂದರೆ ನೀವೂ ನಂಬಲಾರಿರಿ.

ಆಗ ಚಾಮರಾಜನಗರದ ಸಾಹುಕಾರರೊಬ್ಬರ ರೇಷ್ಮೆ ಶೆಡ್ಡಿನಲ್ಲಿ ಅಕ್ಕನೂ ನಾನೂ ಕೂಲಿಗಿದ್ದೆವು. ನಾನು ಓದಿದ್ದು ಮೂರನೇ ಕ್ಲಾಸು. ಅದೂ ಮೇಷ್ಟರ ದಯೆ. ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಒಬ್ಬಳು ನೂಲು ಎಳೆಯಬೇಕು, ಇನ್ನೊಬ್ಬಳು ರಾಟೆ ತಿರುಗಿಸಬೇಕು. ಎಳೆಯುವವಳು ಅಕ್ಕ, ತಿರುಗಿಸುವವಳು ನಾನು. ನಮ್ಮ ರಾಟೆಗೆ ಎಣ್ಣೆಗಿಂತ ಅಕ್ಕನ ಬೈಗುಳವೇ ಹೆಚ್ಚು ಬೀಳುತ್ತಿತ್ತು.

"ಮೆತ್ತಗೆ ತಿರುಗ್ಸಮ್ಮಿ! ಬಾವೀಲಿ ನೀರು ಸೇದ್ತಿದ್ದೀಯಾ?"

ಮೆತ್ತಗೆ ತಿರುಗಿಸಿದರೆ, "ಯಾಕೆ, ರಾಟೆಗೆ ಜೋಗುಳ ಆಡ್ತಿದ್ದೀಯಾ?"

ಶೆಡ್ಡಿನಲ್ಲಿ ಅವಳ ಬಾಯಿಗೆ ಬೀಳದವರಿಲ್ಲ. ಯಾರ ಕೈ ಬಿಸಿನೀರಿಗೆ ಸುಟ್ಟರೂ ಮೊದಲು ಬೈದು, ಆಮೇಲೆ ಬೆಣ್ಣೆ ಹಚ್ಚುವವಳೂ ಅವಳೇ.

ಅಂಥ ಶೆಡ್ಡಿಗೆ ಸಾಹುಕಾರರ ಅಳಿಯ ಬಂದರು. ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. ಮನಸ್ಸಿಗೆ ಹಿಡಿಸಿದವರ ಜೊತೆ ಕೂರಿಸಿದರೆ ನೂಲು ತಾನಾಗಿ ಹೆಚ್ಚುತ್ತದೆ ಎಂಬುದು ಅವರ ವಾದ. ಒಬ್ಬೊಬ್ಬರನ್ನೇ ಗೂಡಿನ ಕೋಣೆಗೆ ಕರೆದು ಗುಟ್ಟಾಗಿ ಒಂದು ಹೆಸರು ಕೇಳಿದರು. ಮೊದಲು ಹೋದ ಪುಟ್ಟಮಾದಮ್ಮ, ಅವರು ಶಾಸ್ತ್ರ ಎಂದೊಡನೆ ಅಂಗೈ ಚಾಚಿದಳಂತೆ.

"ಅದಲ್ಲಮ್ಮ, ಯಾರ ಜೊತೆ ಕೂತು ಕೆಲಸ ಮಾಡೋಕೆ ಇಷ್ಟ?"

"ಗಂಡನ ಜೊತೆ ಮಾತ್ರ ಬ್ಯಾಡಿ ಸ್ವಾಮಿ."

ಹೊರಗೆ ಬಂದು ಅವಳೇ ಹೇಳಿಕೊಂಡು ನಗಿಸಿದಳು.

ನನ್ನ ಸರದಿ ಬಂತು. ಆ ಬೆಳಗ್ಗೆ ಅಕ್ಕ ನನ್ನ ಜಡೆಯನ್ನೂ ಬಿಡದೆ ಬೈದಿದ್ದಳು. "ಶಿವಮ್ಮ" ಎಂದುಬಿಟ್ಟೆ. ತೆರಕಣಾಂಬಿಯಿಂದ ನಮ್ಮೂರಿಗೆ ಸೊಸೆಯಾಗಿ ಬಂದು, ಶೆಡ್ಡಿನ ಬಾಗಿಲಲ್ಲಿ ಒಬ್ಬಳೇ ಗೂಡು ಆರಿಸುತ್ತಿದ್ದ ಶಿವಮ್ಮನ ಸೆರಗಿನಲ್ಲಿ ಸದಾ ಹುರಿಗಾಳು, ಬಾಯಲ್ಲಿ ಸದಾ ನಗು.

ಮರುದಿನ ಎಲ್ಲರಿಗೂ ಜೋಡಿ ಸಿಕ್ಕಿತು, ಅಕ್ಕನೊಬ್ಬಳನ್ನು ಬಿಟ್ಟು. ಅವಳ ಹೆಸರನ್ನು ಯಾರೂ ಹೇಳಿರಲಿಲ್ಲ. "ನಿಮ್ಮ ಸ್ವಭಾವಕ್ಕೆ ಒಂಟಿ ಕೆಲಸವೇ ಸರಿ ಅಮ್ಮ" ಎಂದು ಅಳಿಯಂದಿರು ಪ್ರೀತಿಯಿಂದಲೇ ಹೇಳಿ, ಗೂಡು ಆರಿಸಲು ಬಾಗಿಲ ಬಳಿ ಕೂರಿಸಿದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಗೂಡಿನ ಮೊರವನ್ನು ಮಡಿಲಿಗೆ ಎಳೆದುಕೊಂಡಳು.

ಊಟದ ಹೊತ್ತಿಗೆ ಹೆಂಗಸರೆಲ್ಲ ನನ್ನನ್ನು ಸುತ್ತಿಕೊಂಡರು.

"ನಿಮ್ಮಕ್ಕನ ಎಸ್ರ ನೀ ಏಳ್ತೀಯಲ್ಲ ಅಂತ ನಾ ಬ್ಯಾರೆ ಎಸ್ರು ಏಳ್ದೆ ಕಣಮ್ಮಿ" ಎಂದಳು ಪುಟ್ಟಮಾದಮ್ಮ. "ಒಡುಟ್ಟಿದೋಳು ಇರುವಾಗ ನಾವ್ಯಾಕೆ ಮದ್ಯಕ್ಕೆ ಬರನ?"

ಮಿಕ್ಕವರದೂ ಅದೇ ಮಾತು. "ನೀ ಏಳ್ದೆ ತಾನೆ?"

"ಏಳ್ದೆ. ಆ ಸ್ವಾಮಿ ಮರ್ತುಬುಟ್ಟವ್ರೆ" ಎಂದೆ.

ಸುಳ್ಳನ್ನು ಮನಃಶಾಸ್ತ್ರದ ತಲೆಗೆ ಕಟ್ಟಿದೆ. ಶಾಸ್ತ್ರ ಸೇಡು ತೀರಿಸಿಕೊಂಡಿತು. ನಾನೂ ಶಿವಮ್ಮನೂ ನಕ್ಕಷ್ಟು ಸಲ ನೂಲು ಹರಿಯಿತು. ಹರಿಯದೆ ಉಳಿದದ್ದು ದಪ್ಪವಾಯಿತು. ಸಾಹುಕಾರರು ಎತ್ತಿ ಹಿಡಿದು, "ಇದೇನು ನೂಲಾ, ಎತ್ತಿನ ಮೂಗುದಾರವಾ?" ಎಂದರು. ಅಳಿಯಂದಿರು ಮೈಸೂರಿಗೆ ಮರಳಿದರು. ಹಳೆಯ ಜೋಡಿಗಳು ಹಳೆಯ ಜಾಗಕ್ಕೆ ಬಂದವು.

ಬಾರದೆ ಹೋದದ್ದು ಅಕ್ಕನ ಬಾಯಿ. ನಾನು ನೂಲು ಕಿತ್ತರೂ "ಚೆನ್ನಾಗದೆ ಕಣಮ್ಮಿ" ಎನ್ನುವಳು. ಅದನ್ನು ಕೇಳಿ ಇಡೀ ಶೆಡ್ಡೇ ಹೆದರಿತು. ಒಂದು ಸಂಜೆ ಮನೆಗೆ ನಡೆಯುವಾಗ ಕೇಳಿದಳು: "ನಂದು ಅಷ್ಟು ಕೆಟ್ಟ ಬಾಯಾ ಅಮ್ಮಿ? ಒಬ್ರಿಗೂ ಬ್ಯಾಡವಾದ್ನಾ?"

ನಾನು ನಿಜ ಹೇಳಬಹುದಿತ್ತು. "ಬಿರ‍್ರನೆ ನಡಿಯಕ್ಕ, ಕತ್ಲಾಯ್ತದೆ" ಎಂದೆ.

ಅವಳನ್ನು ಗುಂಡ್ಲುಪೇಟೆಗೆ ಕೊಟ್ಟರು. ಅಲ್ಲಿ ಅವಳಿಗೆ ಒಳ್ಳೆಯ ಹೆಸರು. ಮೊನ್ನೆ ಮೊಮ್ಮಗಳು ಆ ಮಾತಾಡಿದ ಮೇಲೆ ಮನೆಯಲ್ಲಿ ಕೂರಲಾಗದೆ ಬಸ್ಸು ಹತ್ತಿ ಅಲ್ಲಿಗೆ ಹೋದೆ. ಅಕ್ಕನಿಗೆ ಕಾಫಿ ಮಾಡಿಕೊಡುತ್ತೇನೆಂದು ಒಲೆಯ ಮುಂದೆ ನಿಂತವಳು ಹಾಲೆಲ್ಲ ಉಕ್ಕಿಸಿದೆ. ಅಕ್ಕ ಬಂದು ನೋಡಿ, "ಇರ್ಲಿ ಬುಡವ್ವ" ಎಂದಳು.

"ನಮ್ಮತ್ತೆ ಹಂಗೇ ಚಿಕ್ಕತ್ತೆ" ಎಂದಳು ಅವಳ ಸೊಸೆ ಹೆಮ್ಮೆಯಿಂದ. "ಒಂದು ಗಟ್ಟಿ ಮಾತು ಕೇಳಿಲ್ಲ ನಾವು."

ನಾನು ಒಲೆ ಆರಿಸಿದೆ. ಸೊಸೆಯ ಎದುರೇ ಅಕ್ಕನ ಕೈ ಹಿಡಿದುಕೊಂಡೆ.

"ಅಕ್ಕ, ಅವತ್ತು ಶೆಡ್ನೋರ‍್ಗೆ ನೀ ಬ್ಯಾಡವಾಗಿರ‍್ನಿಲ್ಲ. ನಿನ್ನ ಎಸ್ರ ನಾ ಏಳ್ತೀನಿ ಅಂತ ಅವ್ರು ಬುಟ್ಟಿದ್ರು. ನಾನೇ ಏಳ್ನಿಲ್ಲ. ತಪ್ಪಾಯ್ತು ಕಣಕ್ಕ. ನನ್ನ ಬಯ್ಯಿ."