ನಾನು ತಪ್ಪಾಗಿ ಓದಿದ ಕಲ್ಲು

ಸುನೀತಾ, ಆ ಕಲ್ಲಿನ ಮೇಲೆ ನಿನ್ನ ಅಜ್ಜನ, ನಿನ್ನ ಆಜೋಬಾನ, ಹೆಸರು ಇರಲಿಲ್ಲ. ಮೂರನೆಯ ಇಯತ್ತೆಯಲ್ಲಿದ್ದ ನೀನು ಸರಿಯಾಗಿಯೇ ಓದಿದ್ದೆ. ತಪ್ಪು ಓದಿದವನು ನಾನು — ನಿನಗೆ ಅಕ್ಷರ ಕಲಿಸಿದ ಮಾಸ್ತರ. ಗೊತ್ತಿದ್ದೂ ತಪ್ಪು ಓದಿದೆ.

ನಿಪ್ಪಾಣಿಯ ನಮ್ಮ ಗಲ್ಲಿಯ ಟಾಕೀಜು ಇಂದು ಕಲಾಮಂದಿರ. ಅದು ಹೇಗಾಯಿತು ಎಂಬುದು ನಿನಗೆ ಪೂರ್ತಿ ತಿಳಿದಿರಲಿಕ್ಕಿಲ್ಲ. ನಿನ್ನ ಆಜೋಬಾ ಯಶವಂತರಾವ್ ಅಲ್ಲಿ ಆಪರೇಟರ್. ಮೇಲಿನ ಕೋಣೆಯಲ್ಲಿ ಕೂತು ಊರಿಗೆಲ್ಲ ಸಿನೆಮಾ ತೋರಿಸಿದವರು. ಜನ ಬರುವುದು ನಿಂತು ಟಾಕೀಜು ಮುಚ್ಚಿದಾಗ, ಮಾಲೀಕರು ಕೀಲಿಯನ್ನು ಅವರ ಕೈಗೆ ಕೊಟ್ಟು ಮರೆತರು. ಅವರು ಮರೆಯಲಿಲ್ಲ. ಹರಿದ ಪರದೆ ಇಳಿಸಿದರು. ಬಾಲ್ಕನಿಯ ಮುರಿದ ಕುರ್ಚಿಗಳ ಹಲಗೆ ಬಿಚ್ಚಿ, ಪರದೆಯ ಮುಂದಿನ ಕಟ್ಟೆಯನ್ನು ತಾವೇ ಅಗಲ ಮಾಡಿದರು. ಬೀಡಿ ಕಟ್ಟುವ ಹೆಂಗಸರು ಸಂಜೆ ಬಂದು ಹಾಡಿದರು — ನಿನ್ನ ಆಜಿಯೂ. ಆಮೇಲೆ ಭಜನಿ, ಸಣ್ಣಾಟ, ಮರಾಠಿ ನಾಟಕ. ನಾಟಕ ಬರೆದು ಟ್ರಂಕಿನಲ್ಲಿಟ್ಟುಕೊಂಡಿದ್ದ ನನ್ನನ್ನೂ ಕರೆದು, ‘ಜಾಗಾ ಐತಿ ಸರ, ಆಡಸ್ರಿ,’ ಅಂದರು.

ಐದಾರು ವರ್ಷದ ಮೇಲೆ ಮಾಲೀಕರ ಮಗ ಬಂದು ನೋಡಿದ. ಕಟ್ಟಡ ರಿಪೇರಿ ಮಾಡಿಸಿದ. ಬಾಗಿಲ ಬಳಿ ಇತಿಹಾಸದ ಕಲ್ಲು ಕೂರಿಸಬೇಕು, ಬರೆದುಕೊಡಿ ಎಂದು ನನ್ನನ್ನು ಕೇಳಿದ. ಬರೆದೆ, ಎರಡನೆಯ ಸಾಲಿನಲ್ಲೇ ಯಶವಂತರಾವ್ ಹೆಸರಿತ್ತು. ಓದಿದವನೇ ಪೆನ್ನನ್ನು ನನ್ನ ಕಡೆ ಚಾಚಿದ.

‘ಆಂವಾ ಬಾಗಲಾ ಕಾಯಾಂವ ಇದ್ದಾ ಸರ. ನಮ್ಮ ಅಪ್ಪಾರ ಹೆಸರ ಹಾಕ್ರಿ.’

ಉದ್ಘಾಟನೆಗೆ ನನ್ನ ನಾಟಕವೆಂದು ಅದೇ ವಾರ ನಿಗದಿಯಾಗಿತ್ತು. ಅವನು ಬೆದರಿಸಲಿಲ್ಲ — ಬೆದರಿಸಿದ್ದರೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಯಶವಂತರಾವ್ ಹೆಸರಿನ ಸಾಲನ್ನು ನಾನೇ ಹೊಡೆದುಹಾಕಿ, ಅವನ ಅಪ್ಪನ ಹೆಸರು ಬರೆದೆ.

ಕಲ್ಲು ಕೂರಿಸಿದ ದಿನ ನಿನ್ನ ಆಜೋಬಾ ಬಂದರು. ಕನ್ನಡ ಮಾತಾಡುತ್ತಿದ್ದರು, ಓದಲು ಬರುತ್ತಿದ್ದುದು ಮರಾಠಿ ಮಾತ್ರ. ಓದಿ ಹೇಳಿ ಎಂದು ನನ್ನನ್ನೇ ಕೇಳಿ, ಚಪ್ಪಲಿ ಬಿಟ್ಟು ನಿಂತರು. ಎರಡನೆಯ ಸಾಲು ಬಂತು — ಬಾಯಿ ತಾನಾಗಿ... ಇಲ್ಲ, ತಾನಾಗಿ ಅಲ್ಲ. ಹೊಡೆದುಹಾಕಿದ ಸಾಲನ್ನೇ ಓದಿದೆ, ಅದು ಅಲ್ಲಿದೆಯೆಂಬಂತೆ. ಅವರು ಮತ್ತೊಮ್ಮೆ ಓದಿಸಿದರು. ಕಣ್ಣೊರೆಸಿಕೊಂಡರು.

ಮುಂದೆ ಯಾರು ಬಂದರೂ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಬೆರಳ ಕೆಳಗೆ ಮಾಲೀಕರ ಹೆಸರು. ಓದಬಲ್ಲವರು ನನ್ನ ಮುಖ ನೋಡಿ ಒಳಗೆ ನಡೆದುಬಿಡುತ್ತಿದ್ದರು.

ಒಂದು ಮಧ್ಯಾಹ್ನ ನಿನ್ನನ್ನು ಕರೆತಂದರು. ನಾನೂ ಅಲ್ಲೇ ಇದ್ದೆ. ನೀನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ.

‘ಆಜೋಬಾ, ಇದರಾಗ ನಿಮ್ಮ ಹೆಸರ ಇಲ್ಲ.’

ಅವರು ನನ್ನ ಕಡೆ ತಿರುಗಿದರು. ಆಗಲೂ ಹೇಳಬಹುದಿತ್ತು. ನಾನು ನಿನ್ನ ತಲೆ ಸವರಿದೆ.

‘ಇನ್ನಾ ಸಣ್ಣಾಕಿ ಅದಾಳ. ಓದಾಕ ಬರೂದಿಲ್ಲ.’

ನೀನು ಕಲ್ಲನ್ನು ನೋಡಿದೆ, ಆಮೇಲೆ ನನ್ನನ್ನು. ಆ ದಿನದಿಂದ ತರಗತಿಯಲ್ಲಿ ನಾನು ಓದು ಎಂದರೆ ನೀನು ಎದ್ದು ನಿಂತು ಪುಸ್ತಕ ಮುಚ್ಚಿಬಿಡುತ್ತಿದ್ದೆ. ಕನ್ನಡ ಓದು ಹತ್ತಲಿಲ್ಲವೆಂದು ಮರುವರ್ಷ ನಿನ್ನನ್ನು ಮರಾಠಿ ಶಾಲೆಗೆ ಹಾಕಿದರು. ನಿಜವಾದ ಕಾರಣ ನನಗೊಬ್ಬನಿಗೆ ಗೊತ್ತಿತ್ತು.

ನಿನ್ನ ಆಜೋಬಾ ಹೋಗಿ ನಾಲ್ಕು ವರ್ಷವಾಯಿತು. ನನ್ನನ್ನು ನಂಬಿಯೇ ಹೋದರು. ಹೇಗೂ ಸಂತೋಷದಿಂದ ಹೋದರಲ್ಲ ಎಂದು ಎಷ್ಟೋ ಸಲ ನನಗೆ ನಾನೇ... ಅದು ಅವರ ಸಂತೋಷವಲ್ಲ, ನನ್ನ ಮೋಸ.

ಕಲ್ಲು ಬದಲಿಸಲು ಮಾಲೀಕರ ಮಗನನ್ನು ಕೇಳಿದೆ, ಒಪ್ಪಲಿಲ್ಲ. ಬರುವ ಭಾನುವಾರ ಅಲ್ಲಿ ನನ್ನ ನಾಟಕವಿದೆ. ಮೊದಲು ನಾಲ್ಕು ಮಾತಾಡಲು ಕರೆದಿದ್ದಾರೆ. ಇಲ್ಲಿ ಬರೆದದ್ದನ್ನೆಲ್ಲ ಜನರೆದುರು ನಿಂತು ಹೇಳುತ್ತೇನೆ. ಬಾ ಎಂದು ಕರೆಯುವ ಮುಖ ನನಗಿಲ್ಲ. ನೀನು ಬಂದರೂ, ಬಾರದಿದ್ದರೂ, ನಿನ್ನ ಓದು ಸರಿಯಿತ್ತು ಎಂಬುದನ್ನೇ ಮೊದಲು ಹೇಳುತ್ತೇನೆ. ಆಮೇಲೆ ಮಾಲೀಕರ ಮಗ ನನ್ನ ನಾಟಕ ಆಡಗೊಡಲಿ, ಬಿಡಲಿ.